ಬ್ರೇಕ್ ಆಯಿಲ್ ತುಂಬಿಸಿದ್ರೂ ಕೆಂಪು ಲೈಟ್, ಪೆಡಲ್ ಕೆಳಗೆ ಹೋಗುತ್ತೆ

ಹಾಸನ_ಹ್ಯಾಚ್
ತಲೆ ಕೆಟ್ಟೋಗಿದೆ. ಬ್ರೇಕ್ ಆಯಿಲ್ ಕಮ್ಮಿಯಾಗಿ ಮೀಟರಲ್ಲಿ ಕೆಂಪು ಲೈಟ್ ಬರುತ್ತೆ. ತುಂಬಿಸಿದ್ರೆ ಆರುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತೆ. ಗ್ಯಾರೇಜಲ್ಲಿ ಬ್ರೇಕ್ ಪೈಪೊಳಗಿನ ಏರ್ ತೆಗೆದು ಕೊಟ್ರು, ಪೆಡಲ್ ಮತ್ತೆ ಹಾಗೇ. ನೆಲದ ಮೇಲೆ ಒಂದು ಹನಿ ಇಲ್ಲ. ಏನು ಬದಲಾಯಿಸ್ಬೇಕು ಅಷ್ಟು ಹೇಳಿ ಸಾಕು.

ಸ್ಪ್ಯಾನರ್_ಸೆಟ್
ಯಾವ ವರ್ಷದ ಗಾಡಿ? ಹಿಂದೆ ಡ್ರಮ್ಮಾ ಡಿಸ್ಕಾ? ಎಬಿಎಸ್ ಇದೆಯಾ? ಪೆಡಲ್ ಮೆತ್ತಗೆ ಪುಸ್ ಅನ್ನುತ್ತಾ, ಒತ್ತಿ ಹಿಡಿದ್ರೆ ನಿಧಾನಕ್ಕೆ ಇಳಿಯುತ್ತಾ, ಅಥವಾ ಎರಡು ಸಲ ಪಂಪ್ ಮಾಡಿದ್ರೆ ಮೇಲೆ ಬರುತ್ತಾ? ಮೂರಕ್ಕೂ ಕಾರಣ ಬೇರೆ. ಮೆತ್ತಗಿದ್ರೆ ಏರ್. ಇಳಿಯುತ್ತಿದ್ರೆ ಸೀಲ್ ಅಥವಾ ಲೀಕ್. ಪಂಪಿಗೆ ಮೇಲೆ ಬಂದು ಗಟ್ಟಿಯಾದ್ರೆ ಹಿಂದಿನ ಶೂ (ಡ್ರಮ್ಮಿಗೆ ಒಳಗಿಂದ ಒತ್ತೋ ಬ್ರೇಕ್ ಪಟ್ಟಿ) ಅಡ್ಜಸ್ಟ್ ಆಗಿಲ್ಲ.

ಘಾಟಿ_ಗೇರ್
ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋದು), ನೂರಕ್ಕೆ ನೂರು. ಎಂಜಿನ್ ಆನ್ ಇಟ್ಟು ಪೆಡಲ್ ಅರ್ಧ ನಿಮಿಷ ಒಂದೇ ಹದಕ್ಕೆ ಒತ್ತಿ ಹಿಡೀರಿ. ಇಳಿದ್ರೆ ಅದರೊಳಗಿನ ಕಪ್ (ರಬ್ಬರ್ ಸೀಲ್) ಸವೆದಿದೆ. ಹೊಸದು ಹಾಕ್ಸಿ, ಕಥೆ ಮುಗೀತು.

ಸ್ಪ್ಯಾನರ್_ಸೆಟ್
ಒಳಗಿನ ಕಪ್ ಸವೆದ್ರೆ ಆಯಿಲ್ ಟ್ಯಾಂಕಿಗೇ ವಾಪಸ್ ಬರುತ್ತೆ, ಲೆವೆಲ್ ಇಳಿಯಲ್ಲ. ಇವರ ಲೆವೆಲ್ ಇಳೀತಿದೆ. ಎಲ್ಲೋ ಹೊರಗೆ ಹೋಗ್ತಿದೆ.

ಘಾಟಿ_ಗೇರ್
ಹೊರಗೆ ಅಂದ್ರೆ ನೆಲಕ್ಕೇ ಬೀಳ್ಬೇಕಾ? ಮಾಸ್ಟರ್ ಸಿಲಿಂಡರಿನ ಹಿಂಬದಿ ಸೀಲ್ ಹೋದ್ರೆ ಬೂಸ್ಟರ್ (ಪೆಡಲಿಗೆ ಬಲ ಕೊಡೋ ಡಬ್ಬಿ) ಒಳಗೆ ಸೇರುತ್ತೆ. ಅದಕ್ಕೇ ಹನಿ ಕಾಣ್ತಿಲ್ಲ. ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ, ಪೈಪ್ ಬಗ್ಗದಷ್ಟು ಮುಂದೆ ಎಳೆದು ಹಿಂಬದಿ ಒದ್ದೆ ಇದೆಯಾ ನೋಡಿ.

ಪಣಂಬೂರು_ಡ್ರೈವ್
ಆಯಿಲ್ ಎಷ್ಟು ಹಳೇದು ಮಾರಾಯ್ರೆ? ಅದು ಗಾಳಿಯ ತೇವ ಹೀರ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಗೆ, ನೀರು ಸೇರಿದ ಮೇಲೆ 140ಕ್ಕೇ. ಡಾಟ್ 4 ಆದ್ರೆ 230, 155. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟರೆ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಒಳಗೆ ಆವಿ ಆಗಿ ಪೆಡಲ್ ನೆಲಕ್ಕೆ ಹೋಗ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ಸ್ಪ್ಯಾನರ್_ಸೆಟ್
ಸರಿ, ಆದ್ರೆ ತೇವಕ್ಕೆ ಲೆವೆಲ್ ಇಳಿಯಲ್ಲ. ಪ್ಯಾಡ್ ಸವೆದ್ರೆ ಇಳಿಯುತ್ತೆ, ಅದೂ ತಿಂಗಳುಗಟ್ಟಲೆ ತಗೊಂಡು. ಪ್ಯಾಡ್ ನೋಡ್ದೇ ಮ್ಯಾಕ್ಸ್‌ವರೆಗೆ ತುಂಬಿಸಿಟ್ರೆ, ಹೊಸ ಪ್ಯಾಡ್ ಹಾಕೋವಾಗ ಪಿಸ್ಟನ್ ಒಳಗೆ ತಳ್ಳಿದ ಕೂಡ್ಲೇ ಟ್ಯಾಂಕ್ ಉಕ್ಕುತ್ತೆ. ಪೇಂಟ್ ಮೇಲೆ ಬಿದ್ರೆ ಉಜ್ಜಬೇಡಿ, ನೀರು ಸುರೀರಿ.

ರೆಡ್_ಕ್ಯಾಲಿಪರ್
ನನ್ ಗಾಡಿಗೆ ಡಾಟ್ 5.1, ಸ್ಟೀಲ್ ಹೆಣೆದ ಹೋಸ್, ಮುಂದೆ ತೂತಿನ ಡಿಸ್ಕ್. ಪೆಡಲ್ ಕಲ್ಲು. ಫೋಟೋ ಹಾಕ್ಲಾ? ನೀವೂ ಡಾಟ್ 5 ಹಾಕ್ಸಿ ಬ್ರೋ.

ಪಣಂಬೂರು_ಡ್ರೈವ್
5 ಬೇರೆ, 5.1 ಬೇರೆ! 5 ಸಿಲಿಕೋನಿಂದು, 3, 4, 5.1 ಗ್ಲೈಕಾಲಿಂದು. 5ನ್ನು ಇವುಗಳ ಜೊತೆ ಬೆರೆಸಲೇಬಾರದು. ಕ್ಯಾಪ್ ಮೇಲೆ ಏನು ಬರೆದಿದೆಯೋ ಅದೇ ಹಾಕಿ. ಫೋಟೋ ಬೇಡ.

ಹಾಸನ_ಹ್ಯಾಚ್
800 ಸಿಸಿ, 2012, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಒತ್ತಿ ಹಿಡಿದ್ರೆ ಇಳಿಯುತ್ತೆ. ಮಾಸ್ಟರ್ ಸಿಲಿಂಡರ್ ಹಿಂಬದಿ ಒಣಗಿದೆ. ಹಿಂದಿನ ಎಡ ಟೈರಿನ ಒಳಬದಿಗೆ ಮಾತ್ರ ಕಪ್ಪಗೆ ಧೂಳು ಮೆತ್ಕೊಂಡಿದೆ, ಹ್ಯಾಂಡ್‌ಬ್ರೇಕ್ ಕೂಡ ಆ ಕಡೆ ಹಿಡಿಯಲ್ಲ. ಮುಂಚಿಂದ್ಲೂ ಹಾಗೇ, ಅದಕ್ಕೆ ಬರೀಲಿಲ್ಲ.

ಸ್ಪ್ಯಾನರ್_ಸೆಟ್
ಇದನ್ನ ಮೊದಲೇ ಹೇಳೋದಲ್ವಾ ಗುರೂ! ಹಿಂದಿನ ಎಡ ವೀಲ್ ಸಿಲಿಂಡರ್ (ಡ್ರಮ್ ಒಳಗೆ ಶೂ ತಳ್ಳೋದು) ಲೀಕ್. ಆಯಿಲ್ ಡ್ರಮ್ ಒಳಗೇ ಹರಡಿ, ಶೂ ಕುಡಿದು, ಉಳಿದದ್ದು ಹಿಂಬದಿ ತಗಡಿನ ಸಂದಿಯಿಂದ ಟೈರಿಗೆ ಇಳಿಯುತ್ತೆ. ಗಾಡಿ ಓಡಿಸ್ಬೇಡಿ.

ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಜೊತೆ ಸ್ಟ್ಯಾಂಡ್ ಇಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಡ್ರಮ್ ತೆಗೀರಿ. ಧೂಳಿಗೆ ಗಾಳಿ ಹೊಡೀಬೇಡಿ, ಒದ್ದೆ ಮಾಡಿ ಒರೆಸಿ. ಸಿಲಿಂಡರಿನ ತುದಿ ರಬ್ಬರನ್ನ ಸಣ್ಣ ಸ್ಕ್ರೂಡ್ರೈವರಲ್ಲಿ ಸ್ವಲ್ಪ ಎತ್ತಿ. ಬರೀ ಪಸೆ ಇದ್ರೆ ಪರವಾಗಿಲ್ಲ, ತೊಟ್ಟಿಕ್ಕಿದ್ರೆ ಸಿಲಿಂಡರ್ ಬದಲಾಯಿಸಿ. ಎರಡೂ ಕಡೆ ಹಾಕಿ, ಒಂದೇ ವಯಸ್ಸಿನವು. ಆಯಿಲ್ ಕುಡಿದ ಶೂನ ಪೆಟ್ರೋಲಲ್ಲಿ ತೊಳೆದು, ಸ್ಯಾಂಡ್‌ಪೇಪರ್ ಉಜ್ಜಿ ಮತ್ತೆ ಹಾಕ್ತಾರೆ, ಒಪ್ಪಬೇಡಿ. ಬಿಸಿಯಾದ್ರೆ ಒಳಗಿಂದ ಮತ್ತೆ ಒಸರುತ್ತೆ. ನಾಲ್ಕೂ ಶೂ ಹೊಸದಾಗ್ಲಿ.

ಘಾಟಿ_ಗೇರ್
ಏರ್ ತೆಗೆಯೋದು ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಉದ್ದ ಪೈಪಿಂದ ಶುರು.

ಪಣಂಬೂರು_ಡ್ರೈವ್
ಕರ್ಣಾಕಾರದ ಲೈನ್ (ಹಿಂದಿನ ಒಂದು ಚಕ್ರಕ್ಕೂ ಎದುರು ಬದಿಯ ಮುಂದಿನ ಚಕ್ರಕ್ಕೂ ಒಂದೇ ಲೈನ್) ಇರುವ ಗಾಡಿಗೆ ಎಡ ಹಿಂದೆ ಆದ ಮೇಲೆ ಬಲ ಮುಂದೆ. ಉದ್ದದ ಲೆಕ್ಕ ಹಳೇದು.

ಘಾಟಿ_ಗೇರ್
ಎಷ್ಟೋ ಗಾಡಿಗೆ ಹಾಗೇ ತೆಗೆದಾಗಿದೆ. ಯಾವ್ದೂ ವಾಪಸ್ ಬಂದಿಲ್ಲ.

ಸ್ಪ್ಯಾನರ್_ಸೆಟ್
ಮ್ಯಾನುಯಲ್ ಏನು ಹೇಳುತ್ತೋ ಅದು. ಕ್ರಮಕ್ಕಿಂತ ದೊಡ್ಡ ತಪ್ಪು ಟ್ಯಾಂಕ್ ಖಾಲಿ ಬಿಡೋದು. ಸೀಲ್ ಒಡೆಯದ ಅರ್ಧ ಲೀಟರ್ ಬಾಟಲಿ ತಗೊಳ್ಳಿ, ಪೂರ್ತಿ ಬದಲಿಸೋದಾದ್ರೆ ಎರಡಿರ್ಲಿ. ಟ್ಯಾಂಕಿನ ಹಳೇದನ್ನ ಸಿರಿಂಜಲ್ಲಿ ಎಳೆದು ಹೊಸದು ತುಂಬಿ. ಚಕ್ರದ ಹತ್ರ ಏರ್ ಬಿಡೋ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರೋ ಬಾಟಲಲ್ಲಿ ಮುಳುಗಿರ್ಲಿ. ಒಬ್ರು ಪೆಡಲ್ ಒತ್ತಿ ಹಿಡೀಬೇಕು, ನೀವು ಕಾಲು ಸುತ್ತು ಬಿಚ್ಚಿ, ಬಿಗಿ ಮಾಡಿದ ಮೇಲೇ ಅವರು ಕಾಲು ಎತ್ತಬೇಕು. ಗುಳ್ಳೆ ನಿಂತು ತಿಳಿ ಬಣ್ಣ ಬರೋವರೆಗೆ.

ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೇ ಗಾಡೀಲಿ ಪೆಡಲ್ ತಳಮುಟ್ಟ ಒತ್ತಿದ್ರೆ ಮಾಸ್ಟರ್ ಸಿಲಿಂಡರಿನ ಕಪ್ ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತೆ. ಆಮೇಲೆ ಘಾಟಿ ಅವರ ಮಾತು ನಿಜ ಆಗುತ್ತೆ.

ಘಾಟಿ_ಗೇರ್
😄 ನೋಡೋಣ.

ಹಾಸನ_ಹ್ಯಾಚ್
ಡ್ರಮ್ ಬಿಚ್ಚಿದೆ, ಒಳಗೆಲ್ಲಾ ಒದ್ದೆ. ಈಗ ನಿಪ್ಪಲ್ ತಿರುಗ್ತಿಲ್ಲ, ತಲೆ ಸವೀತಿದೆ.

ಸ್ಪ್ಯಾನರ್_ಸೆಟ್
ಅದರ ಜೊತೆ ಗುದ್ದಾಡ್ಬೇಡಿ, ಹೊಸ ಸಿಲಿಂಡರ್ ಜೊತೆ ಹೊಸ ನಿಪ್ಪಲ್ ಬರುತ್ತೆ. ಪೈಪ್ ನಟ್ ಉಳಿಸ್ಕೊಳ್ಳಿ. ರಾತ್ರಿಯೇ ತುಕ್ಕು ಬಿಡಿಸೋ ಆಯಿಲ್ ಹೊಡೆದಿಡಿ, ಬೆಳಿಗ್ಗೆ ಫ್ಲೇರ್ ನಟ್ ಸ್ಪ್ಯಾನರಲ್ಲಿ (ನಟ್ಟನ್ನ ಸುತ್ತಲೂ ಹಿಡಿಯೋದು) ಬಿಚ್ಚಿ. ಸಾದಾ ಓಪನ್ ಸ್ಪ್ಯಾನರ್ ಮೂಲೆ ತಿನ್ನುತ್ತೆ. ನಟ್ ಜೊತೆ ಪೈಪೂ ತಿರುಚಿಕೊಂಡ್ರೆ ನಿಲ್ಲಿಸಿ, ಪೈಪ್ ಹೊಸದು ಬೇಕು.

ತಿಪಟೂರು_ಟಾರ್ಕ್
ಇಲ್ಲೇ ಕೇಳ್ತೀನಿ. ನನ್ನ ಗಾಡೀಲೂ ಬ್ರೇಕ್ ಆಯಿಲ್ ಇಳೀತಿದೆ, ನಾಲ್ಕೂ ಚಕ್ರ ಒಣ. ಕ್ಲಚ್ ಮಾತ್ರ ಸಡಿಲ ಆಗಿದೆ.

ಪಣಂಬೂರು_ಡ್ರೈವ್
ಹೈಡ್ರಾಲಿಕ್ ಕ್ಲಚ್ ಇರುವ ತುಂಬಾ ಗಾಡಿಗಳಲ್ಲಿ ಎರಡಕ್ಕೂ ಒಂದೇ ಟ್ಯಾಂಕ್. ಕ್ಲಚ್ ಪೆಡಲಿನ ಮೇಲ್ಭಾಗ, ಕಾಲಡಿಯ ಮ್ಯಾಟ್, ಗೇರ್‌ಬಾಕ್ಸ್ ಕೆಳಗೆ ಒದ್ದೆ ಇದೆಯಾ ನೋಡಿ. ಬೇರೆ ಥ್ರೆಡ್ ಹಾಕಿ, ಇಲ್ಲಿ ಕಲಸುಮೇಲೋಗರ ಬೇಡ.