ಎಂಎಂ540 ಜೀಪಿನ ಮಡ್ಗಾರ್ಡ್: ತಗಡೋ, ಮನೆಯಲ್ಲೇ ಮಾಡಿದ ಫೈಬರೋ?

ಮಲೆನಾಡ ಜೀಪು:
ನಮ್ಮದು ಸಕಲೇಶಪುರದ ಕಡೆ ತೋಟ. ಮನೆಯಲ್ಲಿ ಹಳೇ ಮಹೀಂದ್ರಾ ಎಂಎಂ540 ಇದೆ. ಎಂಜಿನ್, ಚಾಸಿ ಎರಡೂ ಗಟ್ಟಿ. ಮುಂದಿನ ಎರಡೂ ಮಡ್ಗಾರ್ಡ್ ಮಾತ್ರ ತುಕ್ಕು ತಿಂದು ಹೋಗಿವೆ, ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಪೇಟೆಯಲ್ಲಿ ಸಿಗುವ ತಗಡಿನದ್ದು ಒಮ್ಮೆ ಹಾಕಿಸಿ ಆಯಿತು. ಚಕ್ರದ ಕೆಸರು ಹೋಗಿ ಕೂರುವ ಒಳಮಡಿಕೆಯಲ್ಲೇ ಮತ್ತೆ ಶುರುವಾಯಿತು. ಈ ಸಲ ಫೈಬರ್‌ಗ್ಲಾಸ್‌ನಲ್ಲಿ ನಾನೇ ಮಾಡೋಣ ಅಂತಿದ್ದೇನೆ. ಜೊತೆಗೆ ಬಾನೆಟ್ಟೂ ಮಾಡಿಬಿಡಲಾ? ಕಾಫಿ ಗೋಡೌನ್ ಪಕ್ಕದ ಶೆಡ್ ಖಾಲಿ ಇದೆ. ಕೈ ಹಾಕಿ ಮಾಡಿದವರು ಹೇಳಿ.

ಟಿಂಕರ್ ಮಗ:
ಬೇಡ. ಜೀಪಿನ ಮಡ್ಗಾರ್ಡ್ ಸಿಗದ ವಸ್ತುವೇನಲ್ಲ. ಬೆಂಗಳೂರಿನ ಜೆಸಿ ರಸ್ತೆಗೆ ಹೋದರೆ ವಿಚಾರಿಸಲು ಹತ್ತು ಅಂಗಡಿ ಇವೆ. ಮತ್ತೆ ತುಕ್ಕು ಬಂತು ಅಂದರೆ ಅದು ತಗಡಿನ ತಪ್ಪಲ್ಲ, ಹಾಕಿದವರ ತಪ್ಪು. ಹೊರಗಡೆ ಮಿರಮಿರ ಬಣ್ಣ ಹೊಡೆಯುತ್ತಾರೆ, ಒಳಗಡೆ ಬರೀ ತಗಡು ಬಿಡುತ್ತಾರೆ. ಒಳಗೂ ಎಪಾಕ್ಸಿ ಪ್ರೈಮರ್ ಹೊಡೆದು, ಜಾಯಿಂಟಿಗೆ ಸೀಲರ್ ತುಂಬಿ, ಮೇಲೆ ಅಂಡರ್‌ಕೋಟಿಂಗ್ ಕೊಟ್ಟು, ಮಳೆಗಾಲ ಮುಗಿದ ಮೇಲೆ ಒಮ್ಮೆ ಪೈಪು ಹಿಡಿದು ಮಣ್ಣು ತೊಳೆದರೆ ಅದೇ ತಗಡು ಎಷ್ಟೋ ವರ್ಷ ಬರುತ್ತದೆ. ಇನ್ನೊಂದು ಮಾತು. ಜೀಪಿನ ಮಡ್ಗಾರ್ಡ್ ಮೇಲೆ ಜನ ಕೂರುತ್ತಾರೆ. ಮೆಕ್ಯಾನಿಕ್ ಎಂಜಿನ್ ಒಳಗೆ ಬಗ್ಗುವಾಗ ಮೊಣಕಾಲು ಊರುವುದೂ ಅಲ್ಲೇ. ತಗಡು ಬಗ್ಗುತ್ತದೆ, ತಟ್ಟಿದರೆ ಸರಿಹೋಗುತ್ತದೆ. ಫೈಬರ್ ಬಿರುಕು ಬಿಡುತ್ತದೆ, ಅಲ್ವಾ?

ಮಲ್ಪೆ ದೋಣಿ:
ಟಿಂಕರ್ ಮಗ, ಒಳಗಡೆ ಪ್ರೈಮರ್ ಮಾತು ಸರಿ. ಫೈಬರ್ ಮಾತು ಸರಿ ಅಲ್ಲ. ನಾನು ಇಲ್ಲಿ ದೋಣಿ ಕಟ್ಟುವ ಕಡೆ ಕೆಲಸ ಮಾಡುವವನು. ನಮ್ಮ ಫೈಬರ್ ದೋಣಿಗಳು ಉಪ್ಪುನೀರಲ್ಲೇ ಇರುತ್ತವೆ, ಅಲೆ ಹೊಡೆತ ತಿನ್ನುತ್ತವೆ, ಮರಳ ಮೇಲೆ ಎಳೆಸಿಕೊಳ್ಳುತ್ತವೆ. ಬಿರುಕು ಬಿಟ್ಟರೆ ಆ ಜಾಗ ಇಳಿಜಾರಾಗಿ ಉಜ್ಜಿ, ಹಿಂದಿನಿಂದ ಹೊಸ ಮ್ಯಾಟ್, ಅಂದರೆ ಗಾಜಿನ ಎಳೆಗಳ ಹಾಳೆ, ಕೊಟ್ಟರೆ ಮುಗಿಯಿತು.

ಫೈಬರ್ ಸೋಲುವುದು ದಪ್ಪ ತಪ್ಪಿದಾಗ. ಮ್ಯಾಟ್ ಮತ್ತು ಅದನ್ನು ನೆನೆಸಿ ಗಟ್ಟಿಯಾಗುವ ಪಾಲಿಯೆಸ್ಟರ್ ರೆಸಿನ್ ಸೇರಿದ ಹಾಳೆ ಉಕ್ಕಿಗಿಂತ ತುಂಬಾ ಮೆತ್ತಗೆ. ಆದರೆ ದಪ್ಪ ಎರಡರಷ್ಟಾದರೆ ಬಾಗದೆ ನಿಲ್ಲುವ ಶಕ್ತಿ ಎಂಟರಷ್ಟಾಗುತ್ತದೆ. ಆ ಲೆಕ್ಕದಲ್ಲಿ 1 ಮಿ.ಮೀ. ತಗಡಿನಷ್ಟು ಬಿಗುವು ಬೇಕಾದರೆ ಸುಮಾರು 3 ಮಿ.ಮೀ. ಫೈಬರ್ ಬೇಕು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರಕ್ಕೆ ಹೆಚ್ಚುಕಮ್ಮಿ 1 ಮಿ.ಮೀ. ಬರುತ್ತದೆ, ಅಂದರೆ ಮೂರು ಪದರ. ಅಷ್ಟಾದರೂ ತೂಕ ತಗಡಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದು ಚದರ ಮೀಟರಿಗೆ ಮ್ಯಾಟ್ 1.35 ಕೆ.ಜಿ., ರೆಸಿನ್ 3 ಕೆ.ಜಿ. ಹತ್ತಿರ. ಜನ ಕೂರುವ ಅಂಚಿಗೆ ಇನ್ನೊಂದು ಎರಡು ಪದರ ಹಾಕಿ, ಒಳಗಡೆ ಪಟ್ಟಿ ಏಳಿಸಿ.

ಹೆಚ್ಚಿನವರು ಹಳೇ ಮಡ್ಗಾರ್ಡ್ ಮೇಲೇ ಮ್ಯಾಟ್ ಅಂಟಿಸಿ ಎತ್ತಿಬಿಡುತ್ತಾರೆ. ಅದು ಬೇಡ. ಮ್ಯಾಟಿನ ದಪ್ಪದಷ್ಟು ಅಳತೆ ಹೊರಗೆ ಹೋಗುತ್ತದೆ, ಹೊರಮೈ ಉಬ್ಬುತಗ್ಗಾಗುತ್ತದೆ. ಆಮೇಲೆ ಪುಟ್ಟಿ ಮೇಲೆ ಪುಟ್ಟಿ. ಮೊದಲು ಅಚ್ಚು ತೆಗೆಯಿರಿ. ನೆಟ್ಟಗಿರುವ ತಗಡಿನ ಮಡ್ಗಾರ್ಡ್ ಒಂದನ್ನು ಚೆನ್ನಾಗಿ ಪಾಲಿಶ್ ಮಾಡಿ. ವ್ಯಾಕ್ಸ್ ಹಚ್ಚಿ ಒರೆಸಿ, ಹಚ್ಚಿ ಒರೆಸಿ, ಹೊಸ ಅಚ್ಚಿಗೆ ಐದಾರು ಸಲ ಆದರೂ ಬೇಕು. ಅದರ ಮೇಲೆ ಪಿವಿಎ ಪದರ, ಅಚ್ಚು ಅಂಟದೆ ಬಿಟ್ಟುಕೊಳ್ಳಲು. ಆಮೇಲೆ ಜೆಲ್‌ಕೋಟ್, ಅಂದರೆ ನುಣುಪು ಮೈ ಕೊಡುವ ದಪ್ಪ ರೆಸಿನ್, ಅದರ ಮೇಲೆ ಮ್ಯಾಟ್. ಅಚ್ಚು ಮಾತ್ರ ನೀವು ಮಾಡುವ ಪಾರ್ಟಿನ ಎರಡರಷ್ಟಾದರೂ ದಪ್ಪ ಇರಲಿ, ಇಲ್ಲದಿದ್ದರೆ ಅದೇ ತಿರುಚಿಕೊಳ್ಳುತ್ತದೆ.

ಆ ಅಚ್ಚಿನೊಳಗೆ ಮಡ್ಗಾರ್ಡ್ ಹಾಕುವಾಗಲೂ ಕ್ರಮ ಇದೇ. ಜೆಲ್‌ಕೋಟ್ ಅರ್ಧ ಮಿ.ಮೀ. ಸಾಕು. ಬೆರಳಿಟ್ಟರೆ ಅಂಟಬೇಕು, ಆದರೆ ಬೆರಳಿಗೆ ಬರಬಾರದು. ಆಗ ಮ್ಯಾಟ್ ಇಡಿ. ಬ್ರಷ್ ಎಳೆಯಬೇಡಿ, ಕುಟ್ಟಿ. ಬಿಳಿ ಮ್ಯಾಟ್ ನೆನೆದು ಪಾರದರ್ಶಕವಾಗುವುದು ಕಣ್ಣಿಗೇ ಕಾಣುತ್ತದೆ. ಎಲ್ಲಿ ಬೆಳ್ಳಗೆ ಉಳಿಯಿತೋ ಅಲ್ಲಿ ಗಾಳಿ ಇದೆ, ರೋಲರ್ ಹಾಕಿ ಓಡಿಸಿ. ಮೂಲೆಗಳನ್ನು ಎರಡೆರಡು ಸಲ ನೋಡಿ. ಮಡ್ಗಾರ್ಡ್ ಹಾಳಾಗುವುದು ಮೂಲೆಯಲ್ಲೇ.

ಕೊಡಗಿನವ:
ಪಾಲಿಯೆಸ್ಟರ್ ಬದಲು ಎಪಾಕ್ಸಿ ರೆಸಿನ್ ಬಳಸಿದರೆ ಇನ್ನೂ ಗಟ್ಟಿ ಆಗುವುದಿಲ್ಲವಾ? ವಾಸನೆಯೂ ಕಡಿಮೆ ಅನ್ನುತ್ತಾರೆ.

ಮಲ್ಪೆ ದೋಣಿ:
ಗಟ್ಟಿ ಹೌದು. ಆದರೆ ಸಾಮಾನ್ಯ ಮ್ಯಾಟ್ ಜೊತೆ ಬೇಡ. ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಮ್ಯಾಟ್ ಬಿಗಿಯಾಗೇ ಉಳಿದು ಮೂಲೆಗೆ ಕೂರುವುದಿಲ್ಲ. ಎಪಾಕ್ಸಿ ಅಂದರೆ ನೇಯ್ದ ಬಟ್ಟೆ ತೆಗೆದುಕೊಳ್ಳಿ. ಖರ್ಚೂ ಜಾಸ್ತಿ. ಮಡ್ಗಾರ್ಡಿಗೆ ಅದರ ಅಗತ್ಯ ಇಲ್ಲ.

ರೆಸಿನ್ ಮೇಷ್ಟ್ರು:
ಕೆಲಸ ಹೇಳಿಕೊಟ್ಟಿರಿ, ಸಂತೋಷ. ಅಪಾಯ ಯಾರೂ ಹೇಳಲಿಲ್ಲ. ನಾನು ರಸಾಯನಶಾಸ್ತ್ರ ಪಾಠ ಮಾಡುವವನು, ಇದನ್ನು ಓದಿ ಸುಮ್ಮನಿರಲು ಆಗುತ್ತಿಲ್ಲ.

ಅಂಗಡಿಯಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ. ಗಟ್ಟಿಯಾಗುವುದನ್ನು ಚುರುಕು ಮಾಡುವ ನೇರಳೆ ಬಣ್ಣದ ಕೋಬಾಲ್ಟ್ ಒಂದು, ನೀರಿನಂತೆ ಕಾಣುವ ಹಾರ್ಡ್ನರ್ ಒಂದು. ಆ ಹಾರ್ಡ್ನರ್ ಎಂಇಕೆಪಿ, ಒಂದು ಪೆರಾಕ್ಸೈಡ್. ಇವೆರಡನ್ನು ಯಾವತ್ತೂ ನೇರವಾಗಿ ಸೇರಿಸಬೇಡಿ. ಕ್ಷಣದಲ್ಲಿ ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್. ಎರಡಕ್ಕೂ ಒಂದೇ ಚಮಚ, ಒಂದೇ ಲೋಟ ಬೇಡ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಸಿಕ್ಕರೆ ಅದನ್ನೇ ತನ್ನಿ, ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಅದೊಂದೇ.

ಹಾರ್ಡ್ನರ್ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಪಕ್ಕ ಮುಚ್ಚಿದ ಕನ್ನಡಕ ಹಾಕಿ, ಬಕೆಟ್ ನೀರು ಹತ್ತಿರ ಇಡಿ. ಬಿದ್ದರೆ ಕೂಡಲೇ 15 ನಿಮಿಷ ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ. ಪ್ರಮಾಣ ರೆಸಿನ್ ತೂಕದ ಶೇ. 1ರಿಂದ 2, ಕಿಲೋಗೆ 10ರಿಂದ 20 ಗ್ರಾಂ. ಬೇಗ ಗಟ್ಟಿಯಾಗಲಿ ಅಂತ ಕಣ್ಣಂದಾಜಲ್ಲಿ ಸುರಿಯುವವರನ್ನು ನೋಡಿದ್ದೇನೆ. ಮಗ್ ತುಂಬ ಕಲಸಿಟ್ಟ ರೆಸಿನ್ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಟ್ಟೆಯಲ್ಲಿ ಇಡಿ. ಬೇಸಿಗೆಯಲ್ಲಿ ರಾಯಚೂರಿನವರು ಬೆಂಗಳೂರಿನ ಲೆಕ್ಕ ಹಿಡಿದರೆ ಬ್ರಷ್ ಎತ್ತುವುದರೊಳಗೆ ಗಟ್ಟಿ.

ವಾಸನೆಗೆ ಬಟ್ಟೆ ಮಾಸ್ಕ್, ಎನ್95 ಯಾವುದೂ ಆಗುವುದಿಲ್ಲ. ಅವು ಧೂಳಿಗೆ. ಸ್ಟೈರೀನ್ ಆವಿಗೆ ಸಾವಯವ ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಉಜ್ಜುವಾಗ ನೀರು ಹಾಕಿ ಉಜ್ಜಿ, ತುಂಬು ತೋಳು ಹಾಕಿ.

ಕೊಡಗಿನವ:
ಮೇಷ್ಟ್ರೇ, ನಾನು ಹೇಳಬೇಕು ಅಂದುಕೊಂಡಿದ್ದು ಇನ್ನೊಂದು. ಕಾಫಿ ಗೋಡೌನ್ ಪಕ್ಕ ಈ ಕೆಲಸ ಬೇಡವೇ ಬೇಡ. ಕಾಫಿ ಬೀಜ ಅಕ್ಕಪಕ್ಕದ ವಾಸನೆ ಎಳೆದುಕೊಳ್ಳುತ್ತದೆ. ಒಂದು ಲಾಟ್ ಕೆಟ್ಟರೆ ನಾಲ್ಕು ಜೀಪಿಗೆ ಮಡ್ಗಾರ್ಡ್ ಹಾಕಿಸುವ ದುಡ್ಡು ಹೋಗುತ್ತದೆ. ಗೋಣಿಚೀಲ ಪಕ್ಕದಲ್ಲೇ ಇದ್ದರೆ ಬೆಂಕಿ ಭಯ ಬೇರೆ.

ಮಲೆನಾಡ ಜೀಪು:
ಇದು ನನಗೆ ಹೊಳೆದಿರಲಿಲ್ಲ. ಶೆಡ್ ಕೈಬಿಟ್ಟೆ. ಮನೆಯಿಂದ ದೂರ ಪಂಪ್‌ಹೌಸ್ ಹತ್ತಿರ ಚಪ್ಪರ ಹಾಕುತ್ತೇನೆ. ಬಾನೆಟ್ ವಿಷಯ ಹೇಳಿ ಈಗ.

ಹಾಸನ ಹೈವೇ:
ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆ, 52ನೇ ಸೆಕ್ಷನ್. ಆರ್‌ಸಿಯಲ್ಲಿರುವ ವಿವರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು: ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅದೇ ಆಕಾರ, ಅದೇ ಅಗಲದ ಮಡ್ಗಾರ್ಡ್ ಹಾಕುವುದು ನನ್ನ ದೃಷ್ಟಿಯಲ್ಲಿ ರಿಪೇರಿ. ದಪ್ಪ ಟೈರಿಗಾಗಿ ಹೊರಗೆ ಅಗಲ ಮಾಡಿದರೆ ಅದು ಬೇರೆ ಕಥೆ. ಇನ್ಶೂರೆನ್ಸ್‌ನವರಿಗೂ ಮೊದಲೇ ಬರೆದು ತಿಳಿಸಿ.

ಟಿಂಕರ್ ಮಗ:
ಬಾನೆಟ್ಟಿಗೆ ನಾನು ಒಪ್ಪುವುದೇ ಇಲ್ಲ. ಜೀಪಿನ ಬಾನೆಟ್ ಹಿಂದುಗಡೆ ಹಿಂಜ್, ಎರಡು ಪಕ್ಕ ಕೊಕ್ಕೆ. ಕೊಕ್ಕೆ ಹಿಡಿದ ಜಾಗದಲ್ಲಿ ಫೈಬರ್ ಹರಿದರೆ ಶಿರಾಡಿ ಘಾಟಿಯಲ್ಲಿ ಬಾನೆಟ್ ಎದ್ದು ಗಾಜಿಗೆ ಬಡಿಯುತ್ತದೆ. ಮುಂದೆ ಏನೂ ಕಾಣುವುದಿಲ್ಲ. ಜೊತೆಗೆ ಎಂಜಿನ್ ಬಿಸಿ.

ಮಲ್ಪೆ ದೋಣಿ:
ಬಿಸಿಯ ಮಾತು ಒಪ್ಪಿದೆ. ಎಲ್ಲದಕ್ಕೂ ಬಳಸುವ ಸಾಮಾನ್ಯ ಜಿಪಿ (ಜನರಲ್ ಪರ್ಪಸ್) ರೆಸಿನ್ ಎಂಜಿನ್ ಮೇಲೆ ಮೆತ್ತಗಾಗಿ ಇಳಿಬೀಳುತ್ತದೆ. ಅಲ್ಲಿಗೆ ಬಿಸಿ ತಡೆಯುವ ಐಸೋ ಅಥವಾ ವಿನೈಲ್ ಎಸ್ಟರ್ ರೆಸಿನ್ ಬೇಕು. ಆದರೆ ಫೈಬರ್ ಬಾಡಿ ರಸ್ತೆಗೆ ಲಾಯಕ್ಕಲ್ಲ ಅನ್ನಬೇಡಿ. ಅಮೆರಿಕದ 1953ರ ಕಾರ್ವೆಟ್ ಕಾರು ಫೈಬರ್. ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಕಾರಿನ ಇಡೀ ಬಾಡಿ ಫೈಬರ್, ಮಾರುತಿ 800 ಬರುವ ಮೊದಲೇ ರಸ್ತೆಗಿಳಿದಿತ್ತು.

ಟಿಂಕರ್ ಮಗ:
ಅದು ಕಾರ್ಖಾನೆಯಲ್ಲಿ, ಎಂಜಿನಿಯರುಗಳು ಕೂತು ಮಾಡಿದ್ದು. ಇಲ್ಲಿ ಮಾತು ಪಂಪ್‌ಹೌಸ್ ಪಕ್ಕದ ಚಪ್ಪರದ್ದು. ಮಡ್ಗಾರ್ಡ್ ಬಿರುಕು ಬಿಟ್ಟರೆ ಕೆಸರು ಹಾರುತ್ತದೆ. ಬಾನೆಟ್ ಬಿಟ್ಟುಕೊಂಡರೆ ಜೀವ ಹೋಗುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹೇಗಾಗುತ್ತದೆ?

ಮಲ್ಪೆ ದೋಣಿ:
ಸರಿ. ಮೊದಲ ಸಲ ಮಾಡುವವರು ಬಾನೆಟ್ ಮುಟ್ಟುವುದು ಬೇಡ, ಅಲ್ಲಿಗೆ ನಾನೂ ಬರುತ್ತೇನೆ. ಮಡ್ಗಾರ್ಡಿನಲ್ಲೂ ಬೋಲ್ಟ್ ಕೂರುವ ಕಡೆ ಒಂದೆರಡು ಪದರ ಜಾಸ್ತಿ ಕೊಡಿ, ಅಗಲ ವಾಷರ್ ಹಾಕಿ, ಕೊರೆದ ತೂತಿನ ಒಳಅಂಚಿಗೆ ರೆಸಿನ್ ಸವರಿ. ಇಲ್ಲದಿದ್ದರೆ ಅಲ್ಲಿಂದಲೇ ನೀರು ಇಳಿಯುತ್ತದೆ. ಇಂಡಿಕೇಟರ್ ಮಡ್ಗಾರ್ಡ್ ಮೇಲಿದ್ದರೆ ಅದಕ್ಕೆ ಬೇರೆ ಅರ್ಥಿಂಗ್ ವೈರ್ ಎಳೆಯಿರಿ. ತಗಡಿನಲ್ಲಿ ಬಾಡಿಯೇ ಅರ್ಥ್ ಆಗುತ್ತಿತ್ತು, ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಎಲ್ಲ ಹಾಕಿ ಮುಗಿಸಿ ಲೈಟ್ ಹತ್ತುವುದಿಲ್ಲ ಅಂತ ಬಲ್ಬ್ ಬದಲಿಸುತ್ತಾ ಕೂರುವವರು ಬಹಳ.

ಮಲೆನಾಡ ಜೀಪು:
ಬಾನೆಟ್ ತಗಡಿನದ್ದೇ ಇರಲಿ. ಮಡ್ಗಾರ್ಡ್ ಮಾತ್ರ ಫೈಬರ್. ಈಗಲೇ ಶುರು ಮಾಡಬಹುದಾ? ಇಲ್ಲಿ ಮಳೆ ಬಿಟ್ಟಿಲ್ಲ.

ಮಲ್ಪೆ ದೋಣಿ:
ಬೇಡ. ಮ್ಯಾಟ್ ತೇವ ಎಳೆದರೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ದೀಪಾವಳಿ ಕಳೆಯಲಿ. ಬಣ್ಣ ಹೊಡೆಯುವ ಮೊದಲು ಪಾರ್ಟನ್ನು ಒಂದು ವಾರವಾದರೂ ಬಿಸಿಲಿಗೆ ಬಿಡಿ, ವ್ಯಾಕ್ಸ್ ಪೂರ್ತಿ ತೊಳೆಯಿರಿ. ಆತುರ ಮಾಡಿದರೆ ಬಣ್ಣದ ಮೇಲೆ ಮ್ಯಾಟಿನ ಎಳೆ ಎದ್ದು ಕಾಣುತ್ತದೆ.

ಟಿಂಕರ್ ಮಗ:
ಅಚ್ಚು ತೆಗೆಯಲು ನೆಟ್ಟಗಿರುವ ಮಡ್ಗಾರ್ಡ್ ಬೇಕಲ್ಲ, ನಿಮ್ಮದರಿಂದ ಆಗುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಎಡ, ಬಲ ಎರಡೂ ಇವೆ. ಮಳೆ ನಿಂತ ಮೇಲೆ ಬಂದು ಒಯ್ಯಿರಿ. ಮೊದಲು ಚಾಸಿಗೆ ಕೂರಿಸಿ ಬೋಲ್ಟ್ ತೂತು ತಾಳೆ ನೋಡಿ, ಆಮೇಲೆ ವ್ಯಾಕ್ಸ್ ಮುಟ್ಟಿ.