ಹೇಳದೇ ಅರ್ಥವಾಗುವುದಕ್ಕೆ ಏನನ್ನುತ್ತೀರಿ?

ಪ್ರಶ್ನೆ:
ಬಾಯಿಬಿಟ್ಟು ಹೇಳದಿದ್ದರೂ ಇಬ್ಬರಿಗೂ ಗೊತ್ತಾಗುವ ಮಾತಿಗೆ ಒಂದು ಒಳ್ಳೆಯ ಪದ ಬೇಕು. ನೆಂಟರು ಬಂದಾಗ ನಮ್ಮಜ್ಜಿ ಅಡುಗೆಮನೆ ಕಡೆ ಒಮ್ಮೆ ನೋಡಿದರೆ ಸಾಕು, ಕಾಫಿಗೆ ನೀರಿಡಬೇಕು ಅಂತ ಅಮ್ಮನಿಗೆ ತಿಳಿಯುತ್ತಿತ್ತು. ಅದನ್ನೇ ಬರೆಯುತ್ತಿದ್ದೇನೆ. ‘ಸನ್ನೆ’ ಯಾಕೋ ಸಾಲುತ್ತಿಲ್ಲ.

ಉತ್ತರ 1:
‘ಇಂಗಿತ’ ಅನ್ನಿ. ಸನ್ನೆ ಬೇಕೆಂದೇ ಮಾಡುವುದು, ಕಣ್ಸನ್ನೆ, ಕೈಸನ್ನೆ ಹೀಗೆ. ಇಂಗಿತ ಮನಸ್ಸಿನೊಳಗೆ ಇರುತ್ತದೆ, ಎದುರಿನವರು ಅದನ್ನು ಅರಿಯಬೇಕು. ನಿಮ್ಮಮ್ಮ ಅಜ್ಜಿಯ ಇಂಗಿತ ಅರಿತವರು, ಅಲ್ವಾ?

ಉತ್ತರ 2:
ಅದು ಮಾತಿನಲ್ಲೇ ಅಡಗಿದ್ದರೆ ‘ಧ್ವನಿ’. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದ ಆತ್ಮವೇ ಧ್ವನಿ ಎಂದ. ‘ಗಂಗೆಯಲ್ಲಿ ಹಟ್ಟಿ’ ಅನ್ನುವ ಹಳೆಯ ಉದಾಹರಣೆ ನನಗೆ ತುಂಬಾ ಇಷ್ಟ. ನೀರಿನ ಮೇಲೆ ಹಟ್ಟಿ ಇರಲು ಆಗುವುದಿಲ್ಲ, ಹಾಗಾಗಿ ದಡದಲ್ಲಿದೆ ಅಂತ ನಾವೇ ತಿಳಿದುಕೊಳ್ಳುತ್ತೇವೆ, ಅದರ ಜೊತೆಗೇ ಆ ಜಾಗದ ತಂಪು, ಪಾವಿತ್ರ್ಯ ಎಲ್ಲ ಮನಸ್ಸಿಗೆ ಬರುತ್ತದೆ ನೋಡಿ, ಅದೇ ಧ್ವನಿ. ‘ನಿಮ್ಮೂರು?’ ಅಂದಾಗ ‘ಯಾವುದು’ ಅಂತ ನಾವೇ ಸೇರಿಸಿಕೊಳ್ಳುವುದು ಮಾತ್ರ ಬೇರೆ, ಅದು ಅಧ್ಯಾಹಾರ.

ಉತ್ತರ 3:
ನಮ್ಮ ಕಡೆ ರಾತ್ರಿ ಹೊತ್ತು ಹಾವು ಅನ್ನುವುದಿಲ್ಲ, ‘ಹುಳ’ ಅನ್ನುತ್ತೇವೆ. ಹೊರಡುವಾಗಲೂ ‘ಹೋಗ್ತೀನಿ’ ಅಂದರೆ ಅಮ್ಮ ಬೈಯುತ್ತಾರೆ, ‘ಹೋಗಿ ಬರ್ತೀನಿ’ ಅನ್ನಬೇಕು. ಒಳಗಿನ ಭಯ ಯಾರೂ ಬಾಯಲ್ಲಿ ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಇದಕ್ಕೂ ಒಂದು ಪದ ಇದ್ದರೆ ಹೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಅಜ್ಜಿಗೆ ‘ಇಂಗಿತ’ವೇ ಸರಿ, ಅದನ್ನೇ ಬರೆಯುತ್ತೇನೆ.