ಸ್ಟೈನರ್ ಶಿಶುವಿಹಾರಗಳಲ್ಲಿ ವರ್ಷಾಂತ್ಯದ ಅವಲೋಕನ ಹೇಗೆ ನಡೆಯುತ್ತದೆ?

ಪ್ರಶ್ನೆ – ಬೆಂಗಳೂರಿನ ಶಿಕ್ಷಕಿ

ನಮಸ್ಕಾರ. ನಾನು ಸ್ಟೈನರ್ ಶಿಶುವಿಹಾರವೊಂದರಲ್ಲಿ, ಅಂದರೆ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಅವರ ಶಿಕ್ಷಣ ವಿಚಾರಗಳಂತೆ ನಡೆಯುವ ಶಿಶುವಿಹಾರದಲ್ಲಿ, ಏಳು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಾರ್ಚ್ ಕೊನೆಯಲ್ಲಿ ಮಕ್ಕಳಿಗೆ ರಜೆ ಕೊಟ್ಟ ಮೇಲೆ ನಾವು ಐವರು ಶಿಕ್ಷಕಿಯರು ಎರಡು ದಿನ ಕೂತು ಕಳೆದ ವರ್ಷವನ್ನು ಅವಲೋಕಿಸುವುದು ರೂಢಿ. ಹೋದ ಸಲ ಆ ಎರಡೂ ದಿನ ಪೋಷಕರಿಗೆ ಕೊಡುವ ವರದಿ ಬರೆಯುವುದರಲ್ಲಿ ಮತ್ತು ಗೊಂಬೆ, ಮರದ ತುಂಡುಗಳ ಲೆಕ್ಕ ಹಾಕುವುದರಲ್ಲೇ ಕಳೆದವು. ಕೊನೆಯ ಅರ್ಧ ಗಂಟೆ ಮೇಣದಬತ್ತಿ ಹಚ್ಚಿಟ್ಟು, ಎಲ್ಲರೂ ವರ್ಷ ಚೆನ್ನಾಗಿತ್ತು ಎಂದು ಹೇಳಿ ಎದ್ದೆವು. ನಮ್ಮಲ್ಲಿ ಇಬ್ಬರು ಜನವರಿಯಿಂದ ಸರಿಯಾಗಿ ಮಾತನಾಡುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಕ್ಕಳಿಗೂ ಗೊತ್ತಿತ್ತೆಂದೇ ನನ್ನ ಅನುಮಾನ. ಏಳು ವರ್ಷದೊಳಗಿನ ಮಗು ಕಲಿಯುವುದು ಅನುಕರಣೆಯಿಂದ ಎಂದು ನಂಬಿದವರು ನಾವು. ಹಾಗಿರುವಾಗ ದೊಡ್ಡವರ ನಡುವಿನ ಬಿಗುವನ್ನು ಅವರವರ ಸ್ವಂತ ವಿಷಯವೆಂದು ತಳ್ಳಿಹಾಕಲಾಗದು. ನಿಮ್ಮಲ್ಲಿ ಈ ಕೂಟ ಹೇಗೆ ನಡೆಯುತ್ತದೆ?

ಉತ್ತರ 1 – ಹೈದರಾಬಾದಿನಲ್ಲಿರುವ ಕನ್ನಡತಿ

ಮಲಗುವ ಮುನ್ನ ಇಡೀ ದಿನವನ್ನು ರಾತ್ರಿಯಿಂದ ಬೆಳಗಿನ ಕಡೆಗೆ, ಹಿಮ್ಮುಖವಾಗಿ ನೆನೆಯಬೇಕೆಂದು ಸ್ಟೈನರ್ ಹೇಳಿದ ಅಭ್ಯಾಸ ನಿಮಗೆ ತಿಳಿದೇ ಇರುತ್ತದೆ. ನಾವು ವರ್ಷವನ್ನೂ ಹಾಗೆಯೇ ಮಾರ್ಚ್‌ನಿಂದ ಜೂನ್‌ಗೆ ನೆನೆಯುತ್ತೇವೆ. ಜೂನ್‌ನಿಂದ ಹೊರಟರೆ, ಅವಳು ಹಾಗೆ ಮಾಡಿದ್ದರಿಂದಲೇ ಹೀಗಾಯಿತು ಎಂದು ಮನಸ್ಸು ಕಥೆ ಕಟ್ಟಿಬಿಡುತ್ತದೆ. ಹಿಂದಕ್ಕೆ ನಡೆದರೆ ಆ ಕಥೆಯ ದಾರ ಹರಿದು, ಕಂಡದ್ದಷ್ಟೇ ಉಳಿಯುತ್ತದೆ.

ಒಂದು ಸಲ ಒಬ್ಬ ಹುಡುಗನನ್ನು ಹೀಗೆ ನೆನೆದೆವು. ಮಾರ್ಚ್‌ನಲ್ಲಿ ಅವನು ಚಿಕ್ಕ ಮಕ್ಕಳ ಏಪ್ರನ್‌ಗಳ ದಾರ ಕಟ್ಟಿಕೊಡುತ್ತಿದ್ದ. ನವೆಂಬರ್‌ನಲ್ಲಿ ಅವೇ ದಾರಗಳನ್ನು ಕುರ್ಚಿಗೆ ಗಂಟು ಹಾಕಿ ಎಲ್ಲರನ್ನೂ ಅಳಿಸುತ್ತಿದ್ದ. ಜೂನ್‌ನಲ್ಲಿ ಏನಾಗಿತ್ತೆಂಬುದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಚಹಾ ತಂದ ಆಯಮ್ಮ ಲೋಟ ಇಡುತ್ತಲೇ, ಮೊದಲ ಮೂರು ವಾರ ಅವನು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಲ್ಲುತ್ತಿದ್ದ, ತಾನು ಪಕ್ಕದಲ್ಲಿ ಕೂತು ರಾಗಿ ಕೇರುತ್ತಿದ್ದೆ, ಒಂದು ದಿನ ತಾನಾಗಿಯೇ ಮೊರಕ್ಕೆ ಕೈ ಹಾಕಿದ ಎಂದರು. ನಮ್ಮ ವರದಿಯಲ್ಲಿದ್ದದ್ದು ‘ಬೇಗ ಹೊಂದಿಕೊಂಡ’ ಎಂಬ ಎರಡು ಪದ ಮಾತ್ರ. ಅಂದಿನಿಂದ ಆಯಮ್ಮನವರೂ ನಮ್ಮೊಡನೆ ವೃತ್ತದಲ್ಲಿ ಕೂರುತ್ತಾರೆ. ಚಹಾ ನಾವು ಮಾಡುತ್ತೇವೆ.

ಉತ್ತರ 2 – ಮೆಲ್ಬರ್ನ್‌ನ ಸಹಾಯಕ ಶಿಕ್ಷಕಿ

ಇಲ್ಲಿ ಶಾಲಾ ವರ್ಷ ಮುಗಿಯುವುದು ಡಿಸೆಂಬರ್‌ನಲ್ಲಿ, ಅಂದರೆ ನಡುಬೇಸಿಗೆಯಲ್ಲಿ. ಯುರೋಪಿನಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಕತ್ತಲೆಯ ವಾರಗಳಲ್ಲಿ ಮಕ್ಕಳು ಹಸಿರೆಲೆಯ ಸುರುಳಿದಾರಿಯಲ್ಲಿ ಸೇಬಿಗೆ ಸಿಕ್ಕಿಸಿದ ಮೇಣದಬತ್ತಿ ಹಿಡಿದು ನಡೆಯುತ್ತಾರಲ್ಲ, ಅದನ್ನು ಇಲ್ಲಿ ಡಿಸೆಂಬರ್‌ನಲ್ಲಿ ಮಾಡಿದರೆ ರಾತ್ರಿ ಎಂಟೂವರೆಗೂ ಬಿಸಿಲಿರುತ್ತದೆ! ಹಾಗಾಗಿ ಸುರುಳಿಯನ್ನು ಜೂನ್‌ನ ಚಳಿಗಾಲಕ್ಕೆ ಒಯ್ದಿದ್ದೇವೆ, ಶಿಕ್ಷಕಿಯರ ಒಳನೋಟದ ಕೂಟವೂ ಅದರೊಂದಿಗೇ ಹೋಯಿತು. ಡಿಸೆಂಬರ್‌ನಲ್ಲಿ ದಣಿವು, ಬೀಳ್ಕೊಡುಗೆ, ಸರ್ಕಾರದ ಕಲಿಕಾ ಚೌಕಟ್ಟು ಬೇಡುವ ದಾಖಲೆಗಳು ಒಟ್ಟಿಗೆ ಬಂದು ಬೀಳುತ್ತವೆ. ಆಗ ಯಾರ ಬಾಯಿಂದಲೂ ನಿಜ ಹೊರಡುವುದಿಲ್ಲ. ನೀವೂ ಮಾರ್ಚ್‌ಗೇ ಏಕೆ ಅಂಟಿಕೊಳ್ಳಬೇಕು? ದಸರಾ ರಜೆಯಲ್ಲೊಮ್ಮೆ ಕೂತರೆ, ಜನವರಿಯ ಮುನಿಸು ಹುಟ್ಟುವ ಮೊದಲೇ ಅದರ ಬೇರು ಕಣ್ಣಿಗೆ ಬೀಳಬಹುದು.

ಉತ್ತರ 3 – ಕೆಲಸ ಬಿಟ್ಟ ಶಿಕ್ಷಕಿ

ನನ್ನ ಮಾತು ತುಸು ಒರಟೆನಿಸಬಹುದು. 1919ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಮೊದಲ ವಾಲ್ಡಾರ್ಫ್ ಶಾಲೆ (ಸ್ಟೈನರ್ ಶಾಲೆಗಳ ಇನ್ನೊಂದು ಹೆಸರು) ಆರಂಭವಾದಾಗ ಅದನ್ನು ಶಿಕ್ಷಕರೇ ಕೂಡಿ ನಡೆಸಬೇಕೆಂಬ ಆಶಯವಿತ್ತು. ಆ ಆಶಯವೇ ನಮಗೆ ಸಮುದಾಯವೆಂಬ ಮಾತನ್ನು ಕೊಟ್ಟಿತು, ಜೊತೆಗೆ ದೂರು ಯಾರಿಗೆ ಕೊಡಬೇಕೆಂಬ ಪ್ರಶ್ನೆಯನ್ನೂ ಉಳಿಸಿತು. ನಾನಿದ್ದ ಶಾಲೆಯಲ್ಲಿ ಮೂರು ತಿಂಗಳು ಸಂಬಳ ತಡವಾದದ್ದನ್ನು ವರ್ಷಾಂತ್ಯದ ಕೂಟದಲ್ಲಿ ಎತ್ತಿದಾಗ, ದೀಪ ಉರಿಯುವ ಹೊತ್ತಿನಲ್ಲಿ ಇಂಥ ಮಾತು ಬೇಡ ಎಂದರು. ದೀಪ ಆರಿದ ಮೇಲೆ ಎಲ್ಲರೂ ಮನೆಗೆ ಹೋದರು.

ಆದ್ದರಿಂದ ಎರಡು ಕೂಟ ಮಾಡಿ. ಒಂದರಲ್ಲಿ ಸಂಬಳ, ರಜೆ, ಯಾರ ಮೇಲೆ ಎಷ್ಟು ಹೊರೆ ಎಂಬುದನ್ನು ಹಗಲು ಬೆಳಕಿನಲ್ಲಿ ಕಾಗದದ ಮೇಲೆ ಬರೆದುಕೊಂಡು ಮಾತನಾಡಿ. ಅದು ಮುಗಿದ ಮೇಲೆ ಮಕ್ಕಳ ಮಾತು. ಸ್ಟೈನರ್ ಹೀಗೆ ಹೇಳಿರಲಿಲ್ಲವಲ್ಲ ಎಂದು ಯಾರಾದರೂ ತಡೆದರೆ ಒಂದು ಸಂಗತಿ ನೆನಪಿಸಿ: ಅವರು ತೀರಿಕೊಂಡದ್ದು 1925ರ ಮಾರ್ಚ್‌ನಲ್ಲಿ, ಸ್ಟುಟ್‌ಗಾರ್ಟ್ ಶಾಲೆಗೆ ಶಿಶುವಿಹಾರ ಬಂದದ್ದು ಅದರ ಮರುವರ್ಷ, ಎಲಿಜಬೆತ್ ಗ್ರುನೆಲಿಯಸ್ ಎಂಬ ಶಿಕ್ಷಕಿಯ ಕೈಯಲ್ಲಿ. ನಮ್ಮ ಕೆಲಸದ ಬಹುಪಾಲು ದಿನಚರಿಯನ್ನು ಶಿಕ್ಷಕಿಯರೇ ಮಾಡುತ್ತಾ ಕಂಡುಕೊಂಡರು.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಧನ್ಯವಾದಗಳು. ಆಟಿಕೆಗಳ ಲೆಕ್ಕವನ್ನು ಈ ಸಲ ಫೆಬ್ರವರಿಯಲ್ಲೇ ಮುಗಿಸುತ್ತೇವೆ. ಮೊದಲ ದಿನ ಬೆಳಿಗ್ಗೆ ಹೊರೆಯ ಮಾತು, ಮಧ್ಯಾಹ್ನ ಮಾರ್ಚ್‌ನಿಂದ ಜೂನ್‌ಗೆ. ನಮ್ಮ ಆಯಮ್ಮನವರನ್ನು ಕರೆದಾಗ ಅವರು ಕೇಳಿದ್ದು ಒಂದೇ: ಆ ದಿನದ ಕೂಲಿ ಸಿಗುತ್ತದೆಯೇ? ಅದನ್ನು ಬೆಳಗಿನ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದಿದ್ದೇನೆ.